ತಪ್ಪೊಪ್ಪಿಗೆಯ ವಿಳಾಸ

ಅಶೋಕನಿಂದ ಆರಂಭಿಸುತ್ತೇನೆ. ಇಲ್ಲಿ ಇತಿಹಾಸ ಪಾಠ ಮಾಡುವವರು ಅನೇಕರಿದ್ದೀರಿ, ‘ಮತ್ತೆ ಅಶೋಕನೇ?’ ಎಂದು ಬೇಸರಪಡಬೇಡಿ. ಕಳಿಂಗವನ್ನು ಗೆದ್ದ, ಸಾವುನೋವು ಕಂಡು ಮನಸ್ಸು ಕರಗಿತು, ಧರ್ಮದ ದಾರಿ ಹಿಡಿದ. ಇಷ್ಟು ಕಥೆ ಪ್ರತಿ ಮಗುವಿಗೂ ಗೊತ್ತಿದೆ, ನಾವೂ ಪ್ರಶ್ನೆಪತ್ರಿಕೆಯಲ್ಲಿ ಎರಡು ಅಂಕಕ್ಕೆ ಕೇಳಿ ಸುಮ್ಮನಾಗುತ್ತೇವೆ. ಇಂದು ನಾನು ಕೇಳಬೇಕೆಂದಿರುವುದು ಆ ಪ್ರಶ್ನೆಪತ್ರಿಕೆಯಲ್ಲಿ ಇಲ್ಲದ ಒಂದು ಪ್ರಶ್ನೆ. ಅವನು ಪಶ್ಚಾತ್ತಾಪಪಟ್ಟ ಎಂಬುದು ನಮಗೆ ತಿಳಿದದ್ದು ಅವನೇ ಕಲ್ಲಿನ ಮೇಲೆ ಬರೆಸಿದ್ದರಿಂದ. ಆ ಕಲ್ಲು ಎಲ್ಲಿದೆ?

ಮೊದಲು ಅದರಲ್ಲಿ ಏನಿದೆ ನೋಡೋಣ. 13ನೆಯ ಬಂಡೆ ಶಾಸನ ಎಂದು ನಾವು ಕರೆಯುವ ಆ ಬರಹ ರಾಜರ ಶಾಸನಗಳ ಧಾಟಿಯಲ್ಲೇ ಇಲ್ಲ. ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಗೊತ್ತು: ಶತ್ರುವಿನ ತಲೆ ಚೆಂಡಾಡಿದ, ಪಟ್ಟಣ ಸುಟ್ಟ, ಆನೆ ಕುದುರೆ ಹಿಡಿದು ತಂದ ಎಂದು ಬಿರುದುಗಳ ಮೇಲೆ ಬಿರುದು. ಇಲ್ಲಿ ಗೆದ್ದವನೇ ತಾನು ಮಾಡಿದ್ದರ ಲೆಕ್ಕ ಒಪ್ಪಿಸುತ್ತಾನೆ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದ ಮೇಲೆ ಕಳಿಂಗವನ್ನು ಗೆದ್ದದ್ದು. ಒಂದೂವರೆ ಲಕ್ಷ ಜನರನ್ನು ಅಲ್ಲಿಂದ ಒಯ್ದದ್ದು. ಒಂದು ಲಕ್ಷ ಜನ ಹತರಾದದ್ದು. ಅದರ ಹಲವು ಪಟ್ಟು ಜನ ಸತ್ತದ್ದು. ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಸ್ವತಃ ಏನೂ ಆಗದೆ ಉಳಿದವರು ಕೂಡ ತಮ್ಮ ಗೆಳೆಯರಿಗೆ, ನೆಂಟರಿಗೆ ಆದ ಕೇಡಿನಿಂದ ನೊಂದರು, ಅದೂ ಅವರ ಮೇಲೆ ಬಿದ್ದ ಪೆಟ್ಟೇ ಎನ್ನುತ್ತಾನೆ. ಇಂದು ಅವರಲ್ಲಿ ನೂರರಲ್ಲೊಂದು ಪಾಲು, ಸಾವಿರದಲ್ಲೊಂದು ಪಾಲು ಜನರಿಗೆ ಅಂಥದ್ದು ಆದರೂ ತನಗೆ ಅದು ಭಾರವೇ ಎನ್ನುತ್ತಾನೆ. ‘ಯುದ್ಧ ಎಂದ ಮೇಲೆ ಇಂಥದ್ದೆಲ್ಲ ಆಗುತ್ತದೆ’ ಎಂಬ ಮಾತು ಇಲ್ಲ. ‘ಕಳಿಂಗದವರೇ ಕೆಣಕಿದರು’ ಎಂಬ ಮಾತೂ ಇಲ್ಲ. ತಪ್ಪೊಪ್ಪಿಗೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ಇಂದಿಗೂ ಇದನ್ನೇ ಓದಿ ಹೇಳಬಹುದು.

ಈ ಶಾಸನ ಸಿಕ್ಕಿರುವುದು ಗುಜರಾತಿನ ಗಿರ್ನಾರಿನಲ್ಲಿ, ಉತ್ತರಾಖಂಡದ ಕಾಲ್ಸಿಯಲ್ಲಿ, ಈಗಿನ ಪಾಕಿಸ್ತಾನದ ಶಹಬಾಜ್‌ಗಢಿ ಮತ್ತು ಮಾನ್ಸೇಹ್ರಾಗಳಲ್ಲಿ, ನಮ್ಮ ಬಳ್ಳಾರಿಯ ಆಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ. ಅಫ್ಘಾನಿಸ್ತಾನದ ಕಂದಹಾರದಲ್ಲಿ ಇದರ ಆರಂಭದ ಭಾಗ ಗ್ರೀಕ್ ಭಾಷೆಯಲ್ಲೇ ಸಿಕ್ಕಿದೆ. ಕಳಿಂಗ ಎಂದರೆ ಎಲ್ಲಿದೆ ಎಂದೂ ಗೊತ್ತಿರದ ಗ್ರೀಕರಿಗೆ ಅವರ ಭಾಷೆಯಲ್ಲೇ ತನ್ನ ಸಂಕಟವನ್ನು ಹೇಳಿಸಿದ್ದಾನೆ.

ಈಗ ಕಳಿಂಗಕ್ಕೆ ಬನ್ನಿ. ಒಡಿಶಾದಲ್ಲಿ ಅಶೋಕನ ದೊಡ್ಡ ಶಾಸನಗಳಿರುವ ಜಾಗಗಳು ಎರಡು: ಭುವನೇಶ್ವರದ ಬಳಿಯ ಧೌಲಿ, ಗಂಜಾಂ ಜಿಲ್ಲೆಯ ಜೌಗಡ. ಎರಡೂ ಕಡೆ 1ರಿಂದ 10ರವರೆಗಿನ ಶಾಸನಗಳಿವೆ, ಆಮೇಲೆ 14ನೆಯದು ಇದೆ. ನಡುವಿನ 11, 12, 13 ಇಲ್ಲ. ಕಲ್ಲು ಒಡೆದು ಹೋದದ್ದಲ್ಲ, ಅಕ್ಷರ ಸವೆದದ್ದಲ್ಲ. ಅವನ್ನು ಅಲ್ಲಿ ಕೆತ್ತಿಸಲೇ ಇಲ್ಲ. ಅವುಗಳ ಬದಲಿಗೆ ಎರಡು ಬೇರೆಯೇ ಶಾಸನಗಳನ್ನು ಹಾಕಿಸಿದ್ದಾನೆ. ವಿದ್ವಾಂಸರು ಅವನ್ನು ಪ್ರತ್ಯೇಕ ಶಾಸನಗಳು ಎನ್ನುತ್ತಾರೆ.

ಆ ಪ್ರತ್ಯೇಕ ಶಾಸನಗಳಲ್ಲಿ ಒಳ್ಳೆಯ ಮಾತುಗಳೇ ಇವೆ. ಎಲ್ಲ ಜನರೂ ನನ್ನ ಮಕ್ಕಳು ಎಂಬ ಪ್ರಸಿದ್ಧ ವಾಕ್ಯ ಅಲ್ಲಿಯದೇ. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸಿಸಬೇಡಿ, ಅಸೂಯೆ, ಕೋಪ, ಆತುರ, ಸೋಮಾರಿತನಗಳನ್ನು ಬಿಟ್ಟು ಕೆಲಸ ಮಾಡಿ ಎಂದು ಅಧಿಕಾರಿಗಳಿಗೆ ಕಟ್ಟಪ್ಪಣೆ ಇದೆ. ತಿಷ್ಯ ನಕ್ಷತ್ರದ ದಿನಗಳಲ್ಲಿ ಇದನ್ನು ಓದಿ ಹೇಳಬೇಕು, ನಡುನಡುವೆ ಒಬ್ಬನೇ ಒಬ್ಬ ಇದ್ದರೂ ಅವನಿಗೆ ಕೇಳಿಸಬೇಕು ಎಂಬ ಸೂಚನೆಯೂ ಇದೆ. ಎಂದರೆ ಅಪ್ಪನನ್ನೋ ಮಗನನ್ನೋ ಕಳೆದುಕೊಂಡ ಕಳಿಂಗದ ಮನುಷ್ಯ ನಿಗದಿತ ದಿನ ಬಂದು ನಿಂತು, ರಾಜನ ಮಾತನ್ನು ಕೇಳುತ್ತಾನೆ. ಆ ಮಾತಿನಲ್ಲಿ ಯುದ್ಧದ ಸುದ್ದಿಯೇ ಇಲ್ಲ. ಎರಡನೆಯ ಪ್ರತ್ಯೇಕ ಶಾಸನದಲ್ಲಿ ಇನ್ನೊಂದು ಮಾತು ಬರುತ್ತದೆ, ಗಡಿಯಾಚೆಯ ಜನರನ್ನು ಉದ್ದೇಶಿಸಿ: ಕ್ಷಮಿಸಬಹುದಾದ್ದನ್ನು ರಾಜ ಕ್ಷಮಿಸುತ್ತಾನೆ, ಹೆದರಬೇಡಿ ಎಂದು. ಯಾವ ನೆಲದಲ್ಲಿ ಅವನು ಕ್ಷಮೆ ಕೇಳಬೇಕಿತ್ತೋ ಆ ನೆಲದ ಬಂಡೆಯ ಮೇಲೆ ಕ್ಷಮೆ ಕೊಡುವವನಾಗಿ ನಿಂತಿದ್ದಾನೆ.

ಇದರಲ್ಲಿ ನಮ್ಮ ನಾಡಿಗೂ ಒಂದು ನಂಟಿದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಹೆಸರು ಕೇಳಿದ್ದೀರಿ, ಭೀಮಾ ನದಿಯ ದಂಡೆಯ ಊರು. ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಕಾಳಿಯ ಗುಡಿ ಕುಸಿದಾಗ ಮೂರ್ತಿಯ ಪೀಠವಾಗಿದ್ದ ಕಲ್ಲು ಹೊರಬಂತು. ಎಷ್ಟು ಶತಮಾನಗಳಿಂದ ಅದರ ಮೇಲೆ ದೇವರು ನಿಂತಿದ್ದಳೋ! ನೋಡಿದರೆ ಅದು ಅಶೋಕನ ಶಾಸನ. ಮೂರ್ತಿಯನ್ನು ಕೂರಿಸಲು ಕಲ್ಲಿನ ನಡುವೆ ಕೊರೆದ ತೂತಿನಲ್ಲಿ ಒಂದಿಷ್ಟು ಅಕ್ಷರ ಹೋಗಿವೆ. ಉಳಿದದ್ದರಲ್ಲಿ 12ನೆಯ ಮತ್ತು 14ನೆಯ ಶಾಸನಗಳ ಭಾಗಗಳಿವೆ, ಕಳಿಂಗದ ಆ ಎರಡು ಪ್ರತ್ಯೇಕ ಶಾಸನಗಳೂ ಇವೆ. ಆ ಕಲ್ಲಿನಲ್ಲೂ 13ನೆಯದು ಇಲ್ಲ. ಸನ್ನತಿಯಲ್ಲಿ ಯಾಕೆ ಕಳಿಂಗದ ಪಾಠ ಬಂತು ಎಂಬುದು ಒಳ್ಳೆಯ ಒಗಟು. ಅದರ ಬೆನ್ನು ಹತ್ತಿದರೆ ನಮ್ಮ ವಿಷಯ ಇಲ್ಲೇ ಉಳಿಯುತ್ತದೆ, ಬಿಡೋಣ. ನಿಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ಒಮ್ಮೆ ತೋರಿಸಿ ಎಂದಷ್ಟೇ ಹೇಳುತ್ತೇನೆ. ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಬರೆದ ಶಿಲ್ಪವೂ ಇದೆ.

ಕಳಿಂಗದಲ್ಲಿ ಆ ಶಾಸನವನ್ನು ಯಾಕೆ ಹಾಕಿಸಲಿಲ್ಲ? ಸೋತ ಜನರ ಮುಂದೆ ಅವರ ಸಾವುಗಳನ್ನೇ ಎಣಿಸಿ ತೋರಿಸುವುದು ಆಳುವವನಿಗೆ ಜಾಣತನವಾಗಿ ಕಂಡಿರಲಾರದು ಎಂದು ಇತಿಹಾಸಕಾರರು ಹೇಳುತ್ತಾರೆ. ಗಾಯವನ್ನು ಕೆದಕಬಾರದು ಎಂಬ ಕನಿಕರವೂ ಇದ್ದಿರಬಹುದು. ನಾನು ಅಶೋಕನನ್ನು ಕಟಕಟೆಗೆ ತಂದು ನಿಲ್ಲಿಸುತ್ತಿಲ್ಲ. ಅವನ ಹಿಂದಿನವರೂ ಮುಂದಿನವರೂ ಮಾಡದ್ದನ್ನು ಅವನು ಮಾಡಿದ. ಆದರೂ ಗಮನಿಸಬೇಕಾದ್ದಿದೆ. ಗೆದ್ದ ನಾಡನ್ನು ಹಿಂದಿರುಗಿಸುತ್ತೇನೆ ಎಂಬ ಮಾತು 13ನೆಯ ಶಾಸನದಲ್ಲಿ ಇಲ್ಲ, ಒಯ್ದ ಒಂದೂವರೆ ಲಕ್ಷ ಜನರನ್ನು ಊರಿಗೆ ಕಳುಹಿಸುತ್ತೇನೆ ಎಂಬ ಮಾತೂ ಇಲ್ಲ. ಕಾಡಿನ ಜನರಿಗಂತೂ ಅದೇ ಉಸಿರಿನಲ್ಲಿ ಎಚ್ಚರಿಕೆ ಇದೆ: ನೊಂದಿದ್ದೇನೆ ನಿಜ, ದಂಡಿಸುವ ಶಕ್ತಿ ಮಾತ್ರ ನನ್ನಲ್ಲಿ ಇನ್ನೂ ಇದೆ, ನೆನಪಿರಲಿ ಎಂದು.

ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ, ಅದನ್ನು ಈಗಲೇ ಹೇಳಿಬಿಡುತ್ತೇನೆ. ತಪ್ಪೊಪ್ಪಿಗೆಗೆ ವಿಳಾಸ ಬೇಕು. ನಾವು ತಪ್ಪು ಒಪ್ಪಿಕೊಳ್ಳುವುದೇ ಇಲ್ಲ ಎಂದು ಎಲ್ಲರೂ ದೂರುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ನಾವು ಧಾರಾಳವಾಗಿ ಒಪ್ಪಿಕೊಳ್ಳುತ್ತೇವೆ, ನೊಂದವರು ಇಲ್ಲದ ಕಡೆ. ಗೆಳೆಯರ ಮುಂದೆ, ದೇವರ ಮುಂದೆ, ನಿದ್ದೆ ಬಾರದ ರಾತ್ರಿ ನಮ್ಮ ಮುಂದೆಯೇ. ಅಲ್ಲಿ ಒಪ್ಪಿಕೊಂಡರೆ ನಮ್ಮ ಬಗ್ಗೆ ಕೇಳುವವರಿಗೆ ಗೌರವ ಹೆಚ್ಚುತ್ತದೆ, ‘ಎಷ್ಟು ಸೂಕ್ಷ್ಮ ಮನಸ್ಸು ನೋಡಿ’ ಎನ್ನುತ್ತಾರೆ. ಗಿರ್ನಾರಿನಲ್ಲಿ ಆ ಶಾಸನ ಓದಿದವನೂ ಹಾಗೆಯೇ ಅಂದಿರಬೇಕು.

ದೇವರ ಮಾತು ಬಂತು. ಪೂಜೆ ಮುಗಿದ ಮೇಲೆ ನಮ್ಮ ಮನೆಗಳಲ್ಲಿ ‘ಅಪರಾಧ ಸಹಸ್ರಾಣಿ’ ಎಂದು ಕೈಮುಗಿಯುತ್ತೇವೆ. ಹಗಲಿರುಳು ಸಾವಿರಾರು ಅಪರಾಧ ಮಾಡುತ್ತೇನೆ, ದಾಸನೆಂದು ತಿಳಿದು ಕ್ಷಮಿಸು. ಸಾವಿರದ ಲೆಕ್ಕದಲ್ಲಿ ಹೇಳಿದಾಗ ಒಂದನ್ನೂ ಹೆಸರಿಟ್ಟು ಹೇಳಬೇಕಾಗಿಲ್ಲ. ಹಳ್ಳಿಗಳಲ್ಲಿ ತಪ್ಪುಕಾಣಿಕೆ ಕಟ್ಟಿಡುತ್ತಾರೆ. ಹರಕೆ ಮರೆತದ್ದಕ್ಕೆ, ಮಡಿ ಕೆಟ್ಟದ್ದಕ್ಕೆ ದೇವರಿಗೆ ತಪ್ಪುಕಾಣಿಕೆ ಸಲ್ಲುವುದು ಸರಿಯೇ, ಅದು ದೇವರಿಗೂ ಭಕ್ತನಿಗೂ ನಡುವಿನ ವ್ಯವಹಾರ. ಅಣ್ಣನ ಗದ್ದೆಯ ಬದು ಒತ್ತರಿಸಿದವನು ಹುಂಡಿಗೆ ದುಡ್ಡು ಹಾಕಿ ಬಂದರೆ ಅಣ್ಣನಿಗೆ ಅದರಲ್ಲಿ ಏನು ಬಂತು?

ಯಹೂದಿಗಳು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವರಿಗೆ ವರ್ಷಕ್ಕೊಮ್ಮೆ ಪ್ರಾಯಶ್ಚಿತ್ತದ ದಿನ ಬರುತ್ತದೆ, ಯೋಮ್ ಕಿಪ್ಪುರ್. ಅವರ ಪ್ರಾಚೀನ ಧರ್ಮಸಂಹಿತೆಯಾದ ಮಿಷ್ನಾದಲ್ಲಿ ಸ್ಪಷ್ಟವಾಗಿ ಇದೆ: ಮನುಷ್ಯ ದೇವರಿಗೆ ಮಾಡಿದ ತಪ್ಪನ್ನು ಆ ದಿನ ತೊಳೆಯುತ್ತದೆ, ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪನ್ನು, ಆ ಮನುಷ್ಯನನ್ನು ಕಂಡು ಸಮಾಧಾನಪಡಿಸುವವರೆಗೆ ಆ ದಿನವೂ ತೊಳೆಯಲಾರದು. ದೇವರು ಕೂಡ ‘ಇದು ನನ್ನ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಅರ್ಜಿಯನ್ನು ವಾಪಸು ಕಳುಹಿಸುವ ಏರ್ಪಾಡು. ಜೈನರಲ್ಲೂ ಕ್ಷಮಾವಣಿಯ ದಿನ ಒಬ್ಬರಿಗೊಬ್ಬರು ಕ್ಷಮೆ ಕೇಳುವ ಪದ್ಧತಿ ಇದೆ, ಅದೂ ಮನುಷ್ಯರ ಕಡೆಗೇ ಮುಖ ಮಾಡಿದ ಪದ್ಧತಿ. ಈಚೆಗೆ ಅದು ಮೊಬೈಲಿನಲ್ಲಿ ಹೂವಿನ ಚಿತ್ರದ ಜೊತೆ ಒಂದೇ ಏಟಿಗೆ ಇನ್ನೂರು ಜನರಿಗೆ ಹೋಗುತ್ತದೆ. ಆ ಇನ್ನೂರರಲ್ಲಿ ನಿಜವಾಗಿ ನೊಂದವನು ಒಬ್ಬ ಇದ್ದರೆ, ಅವನಿಗೂ ಅದೇ ಹೂವು.

ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಅಪ್ಪಂದಿರು ಮಕ್ಕಳ ಹತ್ತಿರ ತಪ್ಪಾಯಿತು ಎಂದದ್ದನ್ನು ಎಷ್ಟು ಜನ ಕೇಳಿದ್ದೀರಿ? ಕೈಯೆತ್ತಬೇಕಾಗಿಲ್ಲ. ಸುಮ್ಮಸುಮ್ಮನೆ ಹೊಡೆದ ಅಪ್ಪ ಸಂಜೆ ಬರುವಾಗ ಜಿಲೇಬಿ ಕಟ್ಟಿಸಿಕೊಂಡು ಬರುತ್ತಾರೆ, ಪೊಟ್ಟಣವನ್ನು ಅಮ್ಮನ ಕೈಗೆ ಕೊಡುತ್ತಾರೆ. ಅಮ್ಮ ಬಂದು ‘ನಿಮ್ಮ ಅಪ್ಪನಿಗೂ ಬೇಜಾರಾಗಿದೆ ಕಣೋ, ಏಳು, ಊಟ ಮಾಡು’ ಎನ್ನುತ್ತಾಳೆ. ಗಂಡ ಹೆಂಡತಿಯ ನಡುವೆ ಮಲ್ಲಿಗೆ ಹೂವು ಆ ಕೆಲಸ ಮಾಡುತ್ತದೆ. ಅತ್ತೆ ಸೊಸೆಯ ನಡುವೆ ‘ಕಾಫಿ ಕುಡಿದೆಯಾ?’ ಎಂಬ ಒಂದು ಪ್ರಶ್ನೆ. ಇವನ್ನು ಗೇಲಿ ಮಾಡುವವನು ನಾನಲ್ಲ. ಎಷ್ಟೋ ಸಂಸಾರಗಳು ಈ ಜಿಲೇಬಿ, ಮಲ್ಲಿಗೆ, ಕಾಫಿಗಳ ಮೇಲೆಯೇ ನಿಂತಿವೆ. ದಿನನಿತ್ಯದ ಸಣ್ಣ ಜಗಳಕ್ಕೆ ಅಷ್ಟು ಸಾಕು. ಎಲ್ಲದಕ್ಕೂ ಕೂತು ಮಾತಾಡುತ್ತಿದ್ದರೆ ಅಡುಗೆಯಾಗುವುದು ಯಾವಾಗ?

ಸಾಕಾಗದ ಜಾಗವೂ ಇದೆ. ಇತರರ ಕಣ್ಣೆದುರು ಆದ ಅವಮಾನ ಅಂಥದ್ದು. ಮಹಾಭಾರತದ ಒಂದು ಪ್ರಸಂಗ ನೋಡಿ. ಯುದ್ಧಕ್ಕೆ ಮುಂಚೆ ಭೀಷ್ಮ ತಮ್ಮ ಕಡೆಯ ವೀರರನ್ನು ಎಣಿಸುವಾಗ ಕರ್ಣನನ್ನು ಅರ್ಧರಥ, ಎಂದರೆ ಅರ್ಧ ವೀರ, ಎಂದುಬಿಡುತ್ತಾನೆ. ಎಲ್ಲರೂ ಕೇಳುತ್ತಿದ್ದಾರೆ. ಕರ್ಣ ಕೆರಳುತ್ತಾನೆ, ಮುದುಕನ ಬುದ್ಧಿ ಎಂದು ಹಳಿಯುತ್ತಾನೆ, ಭೀಷ್ಮ ಇರುವವರೆಗೆ ನಾನು ಆಯುಧ ಹಿಡಿಯುವುದಿಲ್ಲ ಎಂದು ಶಪಥ ಮಾಡುತ್ತಾನೆ. ಹತ್ತು ದಿನ ಹಾಗೆಯೇ ಕಳೆಯುತ್ತದೆ. ಭೀಷ್ಮ ಶರಶಯ್ಯೆಯಲ್ಲಿ ಮಲಗಿದಾಗ, ಬಂದ ರಾಜರೆಲ್ಲ ಹೊರಟುಹೋದ ಮೇಲೆ, ಕರ್ಣ ಒಬ್ಬನೇ ಬರುತ್ತಾನೆ. ಭೀಷ್ಮ ಕಾವಲಿನವರನ್ನೂ ಆಚೆ ಕಳುಹಿಸುತ್ತಾನೆ. ಅಲ್ಲಿ ಇಬ್ಬರೂ ಒಪ್ಪಿಕೊಳ್ಳುತ್ತಾರೆ. ನಿನ್ನ ತೇಜಸ್ಸು ಕುಗ್ಗಲಿ ಎಂದೇ ನಾನು ಹಾಗೆ ಕಟುವಾಗಿ ಆಡಿದೆ ಎಂದು ಭೀಷ್ಮ. ಕೋಪದಿಂದಲೋ ಚಪಲದಿಂದಲೋ ನಾನು ಆಡಿದ್ದನ್ನು ಮನ್ನಿಸಬೇಕು ಎಂದು ಕರ್ಣ. ಪಕ್ಷ ಬದಲಿಸು ಎಂದರೆ ಮಾತ್ರ ಕರ್ಣ ಒಪ್ಪುವುದಿಲ್ಲ. ಕ್ಷಮೆ ಕೇಳಿದ ಮಾತ್ರಕ್ಕೆ ನಿಲುವು ಬಿಡಬೇಕಾಗಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ನನಗೆ ಗೊತ್ತಿಲ್ಲ.

ಓದುವಾಗ ಕಣ್ಣು ತುಂಬುತ್ತದೆ. ಆದರೆ ಬೈದದ್ದು ಸೇನೆಯ ಎದುರು, ಒಪ್ಪಿಕೊಂಡದ್ದು ಯಾರೂ ಇಲ್ಲದಾಗ. ಅರ್ಧರಥ ಎಂದ ಮಾತನ್ನು ಭೀಷ್ಮ ಆ ಸೇನೆಯ ಎದುರು ಹಿಂತೆಗೆದುಕೊಳ್ಳಲಿಲ್ಲ. ಭೀಷ್ಮ ಸತ್ಯ ಹೇಳಿದ, ಸತ್ಯ ಯಾರ ಕಿವಿಗೆ ಬೀಳಬೇಕಿತ್ತೋ ಅವರನ್ನು ಆಚೆ ಕಳುಹಿಸಿ ಹೇಳಿದ.

ನಾವು ಮೇಷ್ಟ್ರುಗಳು ಮಾಡುವುದೂ ಇದನ್ನೇ. ಒಂದು ಶಾಲೆಯಲ್ಲಿ ನಡೆದದ್ದು, ಯಾವುದೆಂದು ಕೇಳಬೇಡಿ. ಪ್ರವಾಸಕ್ಕೆ ಸಂಗ್ರಹಿಸಿದ ಹಣದಲ್ಲಿ ಸ್ವಲ್ಪ ಕಾಣೆಯಾಯಿತು. ಎಂಟನೆಯ ತರಗತಿಯ ಒಬ್ಬ ಹುಡುಗಿಯ ಚೀಲವನ್ನು ಎಲ್ಲರೆದುರು ಬೆಂಚಿನ ಮೇಲೆ ಸುರಿಸಿದರು. ಏನೂ ಸಿಗಲಿಲ್ಲ. ಮಾರನೆಯ ದಿನ ಹಣ ಹಾಜರಿ ಪುಸ್ತಕದ ರಟ್ಟಿನೊಳಗೇ ಇತ್ತು. ಶಿಕ್ಷಕರು ಒಳ್ಳೆಯವರು, ಕಲ್ಲು ಮನಸ್ಸಿನವರಲ್ಲ. ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದು ತಲೆ ಸವರಿ ‘ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಗಳೇ’ ಎಂದರು. ತರಗತಿಯಲ್ಲಿ ಅದರ ಮಾತೇ ಎತ್ತಲಿಲ್ಲ. ವರ್ಷಪೂರ್ತಿ ಆ ಹುಡುಗಿ ಹತ್ತಿರ ಬಂದರೆ ಉಳಿದ ಮಕ್ಕಳು ತಮ್ಮ ಕಂಪಾಸು ಪೆಟ್ಟಿಗೆ ಮುಚ್ಚಿಕೊಳ್ಳುತ್ತಿದ್ದರು. ಬೆಂಚಿನ ಮುಂದೆ ನಿಂತು ‘ಹಣ ನನ್ನ ಪುಸ್ತಕದಲ್ಲೇ ಇತ್ತು, ಇವಳ ಚೀಲ ಸುರಿಸಿದ್ದು ನನ್ನ ತಪ್ಪು’ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಶಿಸ್ತು ಹೋಗುತ್ತದೆ, ಮಕ್ಕಳು ತಲೆಯ ಮೇಲೆ ಕೂರುತ್ತಾರೆ ಎಂಬ ಭಯ. ನನ್ನ ಅನುಭವದಲ್ಲಿ ಮಕ್ಕಳು ತಲೆಯ ಮೇಲೆ ಕೂರುವುದು ಬೇರೆ ಕಾರಣಗಳಿಗೆ.

ಸಾರ್ವಜನಿಕವಾಗಿ ಮಾಡಿದ ತಪ್ಪಿಗೆ ಕ್ಷಮೆಯ ಅಳತೆ ಎಷ್ಟಿರಬೇಕು ಎಂಬ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನಲ್ಲೇ ಬಂದಿತ್ತು, ಅಕ್ಷರಶಃ ಅಳತೆಪಟ್ಟಿಯ ಅರ್ಥದಲ್ಲಿ. 2024ರ ಏಪ್ರಿಲಿನ ಪತಂಜಲಿ ಪ್ರಕರಣ ನಿಮಗೆ ನೆನಪಿರಬಹುದು. ದಾರಿ ತಪ್ಪಿಸುವ ಔಷಧಿ ಜಾಹೀರಾತು ಕೊಡುವುದಿಲ್ಲ ಎಂದು ನ್ಯಾಯಾಲಯಕ್ಕೆ ಮಾತು ಕೊಟ್ಟು ಮುರಿದ ಆರೋಪದ ಮೇಲೆ ನ್ಯಾಯಾಂಗ ನಿಂದನೆ ವಿಚಾರಣೆ ನಡೆದಿತ್ತು. ಮೊದಲು ಸಲ್ಲಿಸಿದ ಕ್ಷಮಾಪಣೆಯನ್ನು ಪೀಠ ತಿರಸ್ಕರಿಸಿತು. ಅದು ತಮಗೆ ತಲುಪುವ ಮುಂಚೆ ಮಾಧ್ಯಮಗಳಿಗೆ ತಲುಪಿತ್ತು ಎಂದು ನ್ಯಾಯಮೂರ್ತಿಗಳು ಆಕ್ಷೇಪಿಸಿದರು. ನೋಡಿ, ಅಲ್ಲೂ ವಿಳಾಸದ ಪ್ರಶ್ನೆಯೇ. ಆಮೇಲೆ ಕಂಪನಿ 67 ಪತ್ರಿಕೆಗಳಲ್ಲಿ ಕ್ಷಮೆ ಕೇಳಿ ಪ್ರಕಟಣೆ ಹಾಕಿಸಿತು. ನ್ಯಾಯಪೀಠ ಕೇಳಿದ್ದು: ನೀವು ಮುಂಚೆ ಹಾಕುತ್ತಿದ್ದ ಜಾಹೀರಾತುಗಳ ಗಾತ್ರವೇ ಇದಕ್ಕೂ ಇದೆಯೇ? ಪತ್ರಿಕೆಯಿಂದ ಕತ್ತರಿಸಿ ತಂದು ತೋರಿಸಿ, ಜೆರಾಕ್ಸ್‌ನಲ್ಲಿ ಹಿಗ್ಗಿಸಿ ತರಬೇಡಿ ಎಂದೂ ಹೇಳಿತು. ಮರುದಿನ ದೊಡ್ಡ ಗಾತ್ರದ ಪ್ರಕಟಣೆ ಬಂತು. ಮುಖಪುಟದ ತಪ್ಪಿಗೆ ಒಳಪುಟದ ಮೂಲೆಯಲ್ಲಿ ಎರಡು ಸಾಲು ‘ವಿಷಾದಿಸುತ್ತೇವೆ’ ಹಾಕುವ ಪತ್ರಿಕೆಗಳೂ ಆ ಸುದ್ದಿಯನ್ನು ಸಂಭ್ರಮದಿಂದ ಪ್ರಕಟಿಸಿದವು.

‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬ ರಾಜಕಾರಣಿಗಳ ವಾಕ್ಯದ ಬಗ್ಗೆ ನಾನೇನೂ ಹೇಳುವುದಿಲ್ಲ. ಅದನ್ನು ಹೇಳುವವರಿಗೂ ಕೇಳುವವರಿಗೂ ಅದರ ಬೆಲೆ ಗೊತ್ತಿದೆ.

ಜಾಗದ ಮಹತ್ವವನ್ನು ನನಗೆ ಚೆನ್ನಾಗಿ ಮನದಟ್ಟು ಮಾಡಿದ್ದು ಕೊಮಗಾಟಾ ಮಾರು ಹಡಗಿನ ಕಥೆ. 1914ರಲ್ಲಿ 376 ಪ್ರಯಾಣಿಕರು, ಹೆಚ್ಚಿನವರು ಪಂಜಾಬಿನ ಸಿಖ್ಖರು, ಆ ಹಡಗಿನಲ್ಲಿ ಕೆನಡಾದ ವ್ಯಾಂಕೂವರ್ ತಲುಪಿದರು. ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳೇ ಆದರೂ ಇಳಿಯಲು ಬಿಡಲಿಲ್ಲ. ಸ್ವದೇಶದಿಂದ ಎಲ್ಲಿಯೂ ನಿಲ್ಲದೆ ಒಂದೇ ಪ್ರಯಾಣದಲ್ಲಿ ಬಂದಿರಬೇಕು ಎಂಬ ನಿಯಮ ಮಾಡಿಟ್ಟಿದ್ದರು. ಭಾರತದಿಂದ ಹಾಗೆ ಬರುವುದು ಆಗದ ಮಾತು ಎಂದು ತಿಳಿದೇ ಮಾಡಿದ ನಿಯಮ ಅದು. ಎರಡು ತಿಂಗಳು ಬಂದರಿನಲ್ಲೇ ತಡೆಹಿಡಿದು, ಬೆರಳೆಣಿಕೆಯ ಜನರನ್ನು ಬಿಟ್ಟು ಉಳಿದವರನ್ನು ವಾಪಸು ಅಟ್ಟಿದರು. ಕೋಲ್ಕತ್ತದ ಹತ್ತಿರದ ಬಜ್ ಬಜ್‌ನಲ್ಲಿ ಬಂದಿಳಿದಾಗ ಇಲ್ಲಿನ ಪೊಲೀಸರು ಗುಂಡು ಹಾರಿಸಿದರು, ಸುಮಾರು ಇಪ್ಪತ್ತು ಜನ ಸತ್ತರು.

2008ರ ಜೂನಿನಲ್ಲಿ ಕೆನಡಾದ ಪ್ರಧಾನಿ ಸ್ಟೀಫನ್ ಹಾರ್ಪರ್ ಮೂಲನಿವಾಸಿ ಮಕ್ಕಳ ವಸತಿ ಶಾಲೆಗಳ ವಿಷಯದಲ್ಲಿ ಸಂಸತ್ತಿನಲ್ಲಿ ಎದ್ದು ನಿಂತು ಕ್ಷಮೆ ಕೇಳಿದರು. ಅದೇ ವರ್ಷ ಆಗಸ್ಟಿನಲ್ಲಿ ಸರ್ರೆ ಎಂಬ ಊರಿನ ಉದ್ಯಾನವೊಂದರಲ್ಲಿ ಪಂಜಾಬಿಗಳ ಮೇಳಕ್ಕೆ ಹೋಗಿ, ಕೊಮಗಾಟಾ ಮಾರು ಘಟನೆಗೂ ಕ್ಷಮೆ ಕೇಳಿದರು. ಅವರು ವೇದಿಕೆ ಇಳಿದು ಹೋದ ಕೂಡಲೇ ಸಂಘಟಕರು ನೆರೆದವರನ್ನು ಕೇಳಿದರು: ಇದನ್ನು ಒಪ್ಪುತ್ತೀರಾ? ಕೈಗಳು ಮೇಲೆದ್ದದ್ದು ಒಪ್ಪುವುದಿಲ್ಲ ಎಂದು. ನಮ್ಮನ್ನು ಹೊರಗಿಡುವ ನಿಯಮವನ್ನು ಮಾಡಿದ್ದು ಸರ್ಕಾರ, ಅದನ್ನು ಒಪ್ಪಿಕೊಳ್ಳುವ ಮಾತು ಸಂಸತ್ತಿನ ದಾಖಲೆಯಲ್ಲಿ ಬರಬೇಕು, ಮೇಳದ ಭಾಷಣದಲ್ಲಲ್ಲ ಎಂಬುದು ಅವರ ವಾದ. ಕೇಳಿಯಾಗಿದೆ, ಮತ್ತೆ ಕೇಳುವುದಿಲ್ಲ ಎಂದಿತು ಸರ್ಕಾರ. ಕೊನೆಗೆ 2016ರ ಮೇ 18ರಂದು ಜಸ್ಟಿನ್ ಟ್ರೂಡೋ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಹಡಗು ಬಂದು 102 ವರ್ಷಗಳಾಗಿದ್ದವು.

ಇಲ್ಲಿ ನೀವು ತಕರಾರು ತೆಗೆಯಬಹುದು. ಅಶೋಕ ನೊಂದವರ ಹತ್ತಿರ ಹೋಗಲಿಲ್ಲ ಎಂದು ಬೈದಿರಿ, ಹಾರ್ಪರ್ ನೊಂದವರ ನಡುವೆಯೇ ಹೋಗಿ ನಿಂತರೂ ತಪ್ಪೇ? ನ್ಯಾಯವಾದ ಪ್ರಶ್ನೆ. ಒಂದು ಅವಮಾನಕ್ಕೆ ಇಬ್ಬರು ಕೇಳುಗರು ಇರುತ್ತಾರೆ: ಅದನ್ನು ಉಂಡವರು, ಅದನ್ನು ನೋಡಿದವರು. ಅಶೋಕ ಮೊದಲನೆಯವರನ್ನು ಬಿಟ್ಟ, ಹಾರ್ಪರ್ ಎರಡನೆಯವರನ್ನು. ಕೆನಡಾ ತನ್ನ ಕಾನೂನಿನಿಂದ ‘ಇವರು ನಮ್ಮವರಲ್ಲ’ ಎಂದು ಇಡೀ ದೇಶಕ್ಕೆ ಹೇಳಿತ್ತು. ಹಿಂತೆಗೆದುಕೊಳ್ಳುವ ಮಾತನ್ನು ಸಿಖ್ಖರಿಗೆ ಮಾತ್ರ, ಅವರ ಮೇಳದಲ್ಲಿ ಮಾತ್ರ ಹೇಳಿದರೆ ಅದು ನಮ್ಮ ಸ್ಟಾಫ್ ರೂಮಿನ ತಲೆ ಸವರುವಿಕೆಯೇ.

ಎರಡೂ ಕೂಡಿ ಬಂದ ಉದಾಹರಣೆ ಆಸ್ಟ್ರೇಲಿಯಾದ್ದು. ಸುಮಾರು 1910ರಿಂದ 1970ರವರೆಗೆ ಅಲ್ಲಿನ ಮೂಲನಿವಾಸಿ ಮಕ್ಕಳನ್ನು ಸರ್ಕಾರವೇ ತಾಯಂದಿರ ಮಡಿಲಿನಿಂದ ಕಿತ್ತು ಸಂಸ್ಥೆಗಳಿಗೆ, ಬಿಳಿಯರ ಮನೆಗಳಿಗೆ ಒಯ್ದಿತು. ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮಕ್ಕಳು ಹೀಗೆ ಹೋದರು ಎಂದು 1997ರ ವಿಚಾರಣಾ ವರದಿ ಹೇಳಿತು. ಆಗಿನ ಪ್ರಧಾನಿ ಜಾನ್ ಹೊವರ್ಡ್ ಸರ್ಕಾರದ ಪರವಾಗಿ ಕ್ಷಮೆ ಕೇಳಲು ಒಪ್ಪಲಿಲ್ಲ. ಹಿಂದಿನವರ ತಪ್ಪನ್ನು ಇಂದಿನವರು ಹೊರಬೇಕಿಲ್ಲ ಎಂಬುದು ಅವರ ನಿಲುವು. 1999ರಲ್ಲಿ ವಿಷಾದದ ಒಂದು ನಿರ್ಣಯ ಮಾತ್ರ ಬಂತು. 2008ರ ಫೆಬ್ರವರಿ 13ರಂದು ಹೊಸ ಪ್ರಧಾನಿ ಕೆವಿನ್ ರಡ್ ಹೊಸ ಸಂಸತ್ತಿನ ಮೊದಲ ಕಲಾಪವಾಗಿಯೇ ಕ್ಷಮೆಯನ್ನು ಮಂಡಿಸಿದರು. ಹಾಗೆ ಕಿತ್ತೊಯ್ಯಲ್ಪಟ್ಟವರು, ಈಗ ಮುದುಕರಾದವರು, ಸಂಸತ್ತಿನಲ್ಲೇ ಕುಳಿತು ಕೇಳಿದರು. ದೇಶದ ಊರೂರುಗಳಲ್ಲಿ ಪರದೆ ಹಾಕಿ ಜನ ನೋಡಿದರು.

ನಾನು ಈ ಕಥೆ ಹೇಳುವುದು ಅದರ ನಂತರ ನಡೆದದ್ದಕ್ಕಾಗಿ. ರಡ್ ಆದ ಮೇಲೆ ವಿರೋಧ ಪಕ್ಷದ ನಾಯಕ ಬ್ರೆಂಡನ್ ನೆಲ್ಸನ್ ಎದ್ದರು. ಅವರೂ ಕ್ಷಮೆಯನ್ನು ಬೆಂಬಲಿಸಿದರು. ಆದರೆ ಬೆಂಬಲಿಸುತ್ತಲೇ ವಿವರಿಸಲು ಹೊರಟರು: ಅಂದಿನವರಲ್ಲಿ ಸದುದ್ದೇಶವೂ ಇತ್ತು, ಇಂದಿನ ಮೂಲನಿವಾಸಿ ಊರುಗಳಲ್ಲಿ ಹೀಗೆಲ್ಲ ನಡೆಯುತ್ತಿದೆ ಎಂದು. ಸಂಸತ್ತಿನ ಹೊರಗಿನ ಹುಲ್ಲುಹಾಸಿನಲ್ಲಿ ಪರದೆ ನೋಡುತ್ತಿದ್ದ ಜನ ಒಬ್ಬೊಬ್ಬರಾಗಿ ತಿರುಗಿ ಪರದೆಗೆ ಬೆನ್ನು ಹಾಕಿ ನಿಂತರು. ನೆಲ್ಸನ್ ಹೇಳಿದ್ದರಲ್ಲಿ ಕೆಲವು ನಿಜವೂ ಇರಬಹುದು. ಸಮರ್ಥನೆಗೆ ಅದರದೇ ದಿನ, ಅದರದೇ ವೇದಿಕೆ ಇರುತ್ತದೆ. ಅದನ್ನು ಕ್ಷಮೆಯ ಬೆನ್ನಿಗೇ ಕಟ್ಟಿ ತಂದರೆ ಜನ ಬೆನ್ನು ತಿರುಗಿಸುತ್ತಾರೆ. ಇನ್ನು ರಡ್ ಅವರ ಕ್ಷಮೆಯೂ ಕೊರತೆಯಿಲ್ಲದ್ದಲ್ಲ. ಕೇಂದ್ರ ಸರ್ಕಾರ ತನ್ನ ನೇರ ಆಡಳಿತದಲ್ಲಿದ್ದ ಪ್ರದೇಶಗಳ ಸಂತ್ರಸ್ತರಿಗೆ ಪರಿಹಾರ ಯೋಜನೆ ಘೋಷಿಸಿದ್ದು 2021ರಲ್ಲಿ.

ಒಪ್ಪಿಕೊಂಡರೆ ಸಿಕ್ಕಿಬೀಳುತ್ತೇವೆ, ಕೋರ್ಟಿಗೆ ಎಳೆಯುತ್ತಾರೆ ಎಂಬ ಭಯದ ಬಗ್ಗೆಯೂ ಎರಡು ಮಾತು. ಆ ಭಯ ಸುಳ್ಳಲ್ಲ. ಅತಿ ಹೆಚ್ಚು ಇರುವುದು ಆಸ್ಪತ್ರೆಗಳಲ್ಲಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ಬೇರೆ ದಾರಿ ಹಿಡಿದವು. ಚಿಕಿತ್ಸೆಯಲ್ಲಿ ತಪ್ಪಾದರೆ ತಾವೇ ರೋಗಿಯ ಕಡೆಯವರನ್ನು ಕೂರಿಸಿಕೊಂಡು ಏನಾಯಿತು ಎಂದು ಹೇಳುವುದು, ಕ್ಷಮೆ ಕೇಳುವುದು, ಪರಿಹಾರವನ್ನೂ ತಾವೇ ಮುಂದಿಡುವುದು. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮೊಕದ್ದಮೆಗಳ ಪ್ರಮಾಣ ಮುಂಚಿನದರ ಅರ್ಧಕ್ಕಿಂತ ಕೆಳಗಿಳಿಯಿತು. ಅದೊಂದೇ ಕಾರಣ ಎನ್ನಲು ಬರುವುದಿಲ್ಲ, ಆದರೆ ಹೇಳಿದರೆ ಮುಳುಗುತ್ತೇವೆ ಎಂದು ವಕೀಲರು ಹೆದರಿಸುತ್ತಿದ್ದದ್ದು ಮಾತ್ರ ನಡೆಯಲಿಲ್ಲ.

ಎರಡು ಚೀಟಿ ಬಂದಿವೆ. ಮೊದಲನೆಯದು: ಜಗಳವಾಡಿದ ಮಕ್ಕಳಿಂದ ನಾವು ‘ಸಾರಿ ಹೇಳು’ ಎಂದು ಹೇಳಿಸುತ್ತೇವಲ್ಲ, ಅದು ಸರಿಯೇ? ನಾನು ಆ ಪದ್ಧತಿಯ ವಿರೋಧಿ. ಗಂಟಲಿನಿಂದ ಎಳೆದು ತೆಗೆದ ಸಾರಿಯಿಂದ ಹೊಡೆದವನು ಕಲಿಯುವುದು, ಎರಡಕ್ಷರಕ್ಕೆ ಬಿಡುಗಡೆ ಸಿಗುತ್ತದೆ ಎಂದು. ಹೊಡೆಸಿಕೊಂಡವನು ಕಲಿಯುವುದು, ‘ಇರಲಿ ಬಿಡು’ ಎನ್ನದಿದ್ದರೆ ತಾನೇ ಕೆಟ್ಟವನಾಗುತ್ತೇನೆ ಎಂದು. ಹರಿದ ಪುಸ್ತಕವನ್ನು ಹರಿದವನೇ ಕೂತು ಅಂಟಿಸಿಕೊಡಲಿ. ಮಾತು ಆಮೇಲೆ ಬಂದರೆ ಬರಲಿ.

ಎರಡನೆಯದು ಕಷ್ಟದ್ದು. ನಾನು ಅನ್ಯಾಯ ಮಾಡಿದವರು ತೀರಿಹೋಗಿದ್ದಾರೆ, ಅವರ ಮಗಳು ನಮ್ಮ ಊರಿನಲ್ಲೇ ಇದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಹೆಸರು ಬರೆಯದಿದ್ದದ್ದು ಒಳ್ಳೆಯದಾಯಿತು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ನೆಲದ ಸುಮಾರು 1,20,000 ಜಪಾನೀ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿತ್ತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. 1988ರ ಆಗಸ್ಟ್ 10ರಂದು ಕಾನೂನು ಮಾಡಿ ಕ್ಷಮೆ ಕೇಳಿತು, ಬದುಕಿರುವ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಡಲು ಒಪ್ಪಿತು. ಅರ್ಹತೆಯ ಗೆರೆ ಆ ದಿನವೇ. ಆಗಸ್ಟ್ 10ರಂದು ಬದುಕಿದ್ದು ಆಮೇಲೆ ತೀರಿಹೋದರೆ ಹಣ ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ಹೋಗುತ್ತಿತ್ತು. ಅದಕ್ಕೂ ಮುಂಚೆ ತೀರಿಹೋದವರ ಮನೆಗೆ ಏನೂ ಹೋಗಲಿಲ್ಲ. ಹಣ ಹಂಚಲು ಶುರುವಾದದ್ದು 1990ರ ಅಕ್ಟೋಬರಿನಲ್ಲಿ, ಅತ್ಯಂತ ಹಿರಿಯರಿಂದ. ಚೆಕ್ಕಿನ ಜೊತೆ ಅಧ್ಯಕ್ಷರ ಸಹಿಯ ಪತ್ರವೂ ಇತ್ತು. ಮೊದಲ ದಿನ ಗಾಲಿಕುರ್ಚಿಯಲ್ಲಿ ಕುಳಿತ ಮುದುಕರಿಗೆ ಅಟಾರ್ನಿ ಜನರಲ್ ಮೊಣಕಾಲೂರಿ ಕೊಟ್ಟರು.

ಸರ್ಕಾರಕ್ಕೆ ಒಂದು ದಿನಾಂಕದ ಗೆರೆ ಬೇಕಿತ್ತು. ನಿಮಗೆ ಬೇಕಿಲ್ಲ. ಆ ಮಗಳ ಮನೆಗೆ ಹೋಗಿ. ಅವರ ತಂದೆಗೋ ತಾಯಿಗೋ ನೀವು ಮಾಡಿದ್ದೇನು ಎಂದು ಬಿಡಿಸಿ ಹೇಳಿ. ಅವರಿಗೆ ಅದು ಗೊತ್ತಿರುತ್ತದೆ, ನಿಮ್ಮ ಬಾಯಿಂದ ಕೇಳಿರುವುದಿಲ್ಲ. ಹಣದ ವಿಷಯವಾಗಿದ್ದರೆ ಹಣ ತೆಗೆದುಕೊಂಡು ಹೋಗಿ, ಜಮೀನಿನ ವಿಷಯವಾಗಿದ್ದರೆ ಕಾಗದಪತ್ರ. ಅಳಬೇಡಿ, ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರ ತಲೆಗೆ ಬೀಳಬಾರದು. ಹೋಗುವ ಮುಂಚೆ ಫೋನ್ ಮಾಡಿ ಯಾಕೆ ಬರುತ್ತಿದ್ದೀರಿ ಎಂದು ತಿಳಿಸಿ. ಬರಬೇಡಿ ಎನ್ನಲು ಅವರಿಗೆ ಅವಕಾಶ ಇರಲಿ.